ತಲೆಯ ಇತಿಹಾಸವೂ ಹನ್ನೊಂದು ಡಾಕ್ಟರರೂ

ಒಂದು ಹುಚ್ಚು ಹಿಡಿದರೆ ಅದನ್ನು ಇಳಿಸುವ ಗುಳಿಗೆ ಡಾಕ್ಟರನ ಕಪಾಟಿನಲ್ಲೂ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದಲ್ಲಿ ದವಾಖಾನೆ ಇಟ್ಟುಕೊಂಡಿದ್ದೆ. ನೆಗಡಿ, ಜ್ವರ, ಚೇಳಿನ ಕಡಿತ ನನ್ನ ಅನ್ನ. ಮಿದುಳಿನ ಶಸ್ತ್ರಚಿಕಿತ್ಸೆಯ ಇತಿಹಾಸ ನನ್ನ ಹುಚ್ಚು. ಯಾರ ತಲೆಯನ್ನೂ ನಾನು ತೆರೆದವನಲ್ಲ, ತೆರೆದವರ ಕಥೆ ಓದಿ ಬೆವರುವವನು. ಹೆಂಡತಿ ಅನ್ನುತ್ತಿದ್ದಳು: “ಮಂದಿ ತಲಿ ಕೊರಿಯೂದು ನಿಮಗ ಮೊದಲಿಂದ ಬರ್ತೈತಿ. ಅದಕ್ಕ ಪುಸ್ತಕ ಯಾಕ ಬೇಕ್ರಿ?”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಡಾಕ್ಟರರು ತಿಂಗಳಿಗೊಮ್ಮೆ ಒಂದೊಂದು ಊರಲ್ಲಿ ಸೇರುತ್ತಿದ್ದೆವು. ಈ ಇತಿಹಾಸವನ್ನು ಅವರೆಲ್ಲರೂ ಕೇಳಲೇಬೇಕೆಂದು ಹಟ ತೊಟ್ಟು, ನಮ್ಮೂರಿನ ಸರದಿ ಬಂದಾಗ ನಾನೇ ಭಾಷಣ ಮಾಡುತ್ತೇನೆಂದು ಎಲ್ಲರಿಗೂ ಪತ್ರ ಬರೆದೆ. ಉತ್ತರ ಬಂದದ್ದು ಸಿಂದಗಿಯಿಂದ ಮಾತ್ರ: “ಊಟಕ್ಕ ಏನೈತ್ರಿ?” ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿ ಹೆಂಡತಿಯನ್ನು ಒಪ್ಪಿಸಿ, ಶೇಂಗಾ ಹೋಳಿಗೆ ಎಂದು ಮತ್ತೆ ಬರೆದೆ. ಹನ್ನೊಂದು ಜನ ನಮ್ಮ ಮನೆಗೆ ಬಂದರು.

ಬರೆದಿಟ್ಟ ಕಾಗದಗಳನ್ನು ಹಿಡಿದು ಭಾಷಣಕ್ಕೆ ನಿಂತೆ. ಸಾವಿರಾರು ವರ್ಷಗಳ ಹಿಂದೆ ಚೂಪುಗಲ್ಲಿನಿಂದ ತಲೆಬುರುಡೆ ಕೊರೆದರೂ ಕೆಲವರು ಬದುಕಿದ್ದರು ಎಂದೆ. ತಲೆಯ ಒಂದು ಮಗ್ಗುಲಿಗೆ ಪೆಟ್ಟಾದರೆ ದೇಹದ ಇನ್ನೊಂದು ಮಗ್ಗುಲು ಸೋಲುವುದನ್ನು ಹಳೆಯ ಗ್ರೀಕ್ ವೈದ್ಯರು ಗಮನಿಸಿದ್ದರು ಎಂದೆ. ಬಾಗೇವಾಡಿಯವರು ಅಡುಗೆಮನೆಯ ಕಡೆ ನೋಡುತ್ತಿದ್ದರು. ಮುದ್ದೇಬಿಹಾಳದ ಪಾಟೀಲ ಕಾಕಾ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಎರಡನೆಯ ಪುಟಕ್ಕೇ ಕಣ್ಣು ಮುಚ್ಚಿದ್ದರು.

ಅಷ್ಟರಲ್ಲಿ ಶಾಂತವ್ವ ಎಂಬ ಹೆಂಗಸು ಗಂಡ ಭೀಮಣ್ಣನನ್ನು ಹೆಗಲಿಗೆ ಆನಿಸಿಕೊಂಡು ಬಂದಳು. “ಮುಂಜಾನಿ ನಿಂಬಿಹಣ್ಣಿನ ಲಾರಿ ಮ್ಯಾಲಿಂದ ಬಿದ್ದಾನ್ರಿ ಸಾಹೇಬ್ರ. ಬಲಗೈ ಎತ್ತವಲ್ಲ. ಬರೇ ನಿದ್ದಿ ನಿದ್ದಿ ಅಂತಾನ.”

ಇಷ್ಟು ಜನ ಡಾಕ್ಟರರೆದುರು ತಪ್ಪಬಾರದೆಂಬ ಗಾಬರಿಯಲ್ಲಿ ಭೀಮಣ್ಣನ ಬಲಗೈಯನ್ನು ಮೂರು ಸಲ ಹಿಚುಕಿದೆ. ಎಲುಬು ಮುರಿದಿರಲಿಲ್ಲ. ಆದರೂ, “ಪ್ಲಾಸ್ಟರ್ ಹಾಕೂಣು” ಎಂದೆ.

“ತಮ್ಮಾ, ಕೈ ಬಿಡು,” ಎಂದಿತು ಒಂದು ದನಿ. ಪಾಟೀಲ ಕಾಕಾ ಎದ್ದು ಬಂದು ಭೀಮಣ್ಣನ ಎಡಗಿವಿಯ ಮೇಲಿನ ಕೂದಲು ಸರಿಸಿದರು. ಅಲ್ಲಿ ನಿಂಬೆಹಣ್ಣಿನಷ್ಟು ಬಾವು. “ಈಗರೆ ಏನ್ ಹೇಳಿದಿ? ಎಡಕ್ಕ ಪೆಟ್ಟು, ಬಲಕ್ಕ ಸೋಲು. ಒಳಗ ರಕ್ತ ಕಟ್ಟೇತಿ. ಸೊಲ್ಲಾಪುರದ ದೊಡ್ಡ ದವಾಖಾನಿಗೆ ಒಯ್ಯೂಣು, ಏಳು!”

ಸಿಂದಗಿಯವರ ಜೀಪು ಹೊರಟಿತು. ಹಿಂದೆ ಭೀಮಣ್ಣನ ತಲೆ ನನ್ನ ತೊಡೆಯ ಮೇಲೆ. ಒಳಗಿನ ರಕ್ತ ಮಿದುಳನ್ನು ಒತ್ತಿ ಕಣ್ಣಿನ ಪಾಪೆ ಹಿಗ್ಗಿತೋ ಎಂದು ಪ್ರತಿ ಮೈಲಿಗೂ ರೆಪ್ಪೆ ಎತ್ತಿ ನೋಡುತ್ತಿದ್ದೆ. ಶಾಂತವ್ವ ಕೇಳಿದಳು, “ಉಳೀತಾನಲ್ರಿ?” ಓದಿದ್ದ ಇತಿಹಾಸದಲ್ಲಿ ಸತ್ತವರೇ ಹೆಚ್ಚು; ನಾನು ಮತ್ತೊಮ್ಮೆ ಭೀಮಣ್ಣನ ರೆಪ್ಪೆ ಎತ್ತಿದೆ. ಮುಂದೆ ಕುಳಿತ ಕಾಕಾ ತಿರುಗಿ, “ಉಳೀತಾನ ತಂಗಿ, ಅವನ ಜೋಡಿ ಮಾತಾಡ್ಕೋತ ಕೂಡು,” ಎಂದರು.

ಸೊಲ್ಲಾಪುರದಲ್ಲಿ ಅಂದೇ ಬುರುಡೆಗೆ ತೂತು ಕೊರೆದು ರಕ್ತ ತೆಗೆದರು. ಮೂರನೆಯ ದಿನ ಭೀಮಣ್ಣ ಬಲಗೈಯಿಂದಲೇ ಚಹಾ ಕುಡಿದ. ಸುದ್ದಿ ಕೇಳಿ ನನ್ನ ಕಣ್ಣು ತುಂಬಿತು. ಕೈಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ್ದರೆ?

ಮರುತಿಂಗಳು ಸಿಂದಗಿಯಲ್ಲಿ ಸಭೆ. ಅದೇ ಇತಿಹಾಸ ಇರಲಿ ಎಂದು ಎಲ್ಲರೂ ಒಕ್ಕೊರಲಿಂದ ಕೇಳಿದರು. ಊಟದ ಮಾತನ್ನು ಯಾರೂ ಎತ್ತಲಿಲ್ಲ. ಹೇಳುವುದಕ್ಕೆ ಮಾತ್ರ ಪಾಟೀಲ ಕಾಕಾ ಬೇಕಂತೆ. ಅವರು ನನ್ನ ಕಾಗದಗಳನ್ನೇ ಇಸಿದುಕೊಂಡು ಓದಿದರು. ನಾನು ಕೊನೆಯ ಸಾಲಿನಲ್ಲಿ ಕುಳಿತು, ನಾನೇ ಬರೆದದ್ದನ್ನು ಮೊದಲ ಸಲ ಗಮನವಿಟ್ಟು ಕೇಳಿದೆ. ಪರವಾಗಿಲ್ಲ, ಕಲಿಯುವಂಥದ್ದು ಬೇಕಾದಷ್ಟಿತ್ತು.