ಬ್ಯಾಂಕಾಕಿನ ರಜೆ, ಪ್ಲೇನ್ಸ್‌ಬರೋದ ಚೌತಿ

ರಜೆ ಸಿಗಲಿಲ್ಲವೆಂದು ಗೋಳಾಡುವವರಿಗೆ ಸಮಾಧಾನ ಹೇಳಲು ಹತ್ತು ಜನ ಬರುತ್ತಾರೆ. ರಜೆ ಸಿಕ್ಕಿ ಗೋಳಾಡುವವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಆ ಎರಡನೆಯ ಗುಂಪಿನವನು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟುಗಳಲ್ಲಿರುವ ಯಾವ ಕನ್ನಡಿಗನಿಗೂ ಇಲ್ಲದಷ್ಟು ರಜೆ ನನಗಿದೆ, ಅಷ್ಟೂ ಥೈಲ್ಯಾಂಡಿನವು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಅವರೆಲ್ಲ ಯುಗಾದಿಗೆ ರಜೆ ಹಾಕಬಲ್ಲವರು.

ಇಸವಿ ಎರಡು ಸಾವಿರ ಬಂದೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿ ಅಮೆರಿಕ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲ ಸಿಕ್ಕ ಸಿಕ್ಕ ಪಂಡಿತರನ್ನೆಲ್ಲ ಬಾಚಿಕೊಂಡ ಕಾಲದಲ್ಲಿ ನಾನೂ ಮೈಸೂರಿನಿಂದ ಬಂದೆ. ಕಂಪ್ಯೂಟರುಗಳು ಕೆಡಲಿಲ್ಲ, ಕೆಟ್ಟವನು ನಾನು. ನನ್ನನ್ನು ಹಾಕಿದ್ದು ಬ್ಯಾಂಕಾಕಿನ ಒಂದು ಕಚೇರಿಯ ಸಿಸ್ಟಮ್ ನೋಡಿಕೊಳ್ಳುವ ಪ್ರಾಜೆಕ್ಟಿಗೆ. ಕೂರುವುದು ನ್ಯೂಜೆರ್ಸಿಯಲ್ಲಿ, ಆದರೆ ಅವರಿಗೆ ರಜೆ ಇದ್ದರೆ ಮಾತ್ರ ನನಗೆ ರಜೆ. ಅಮೆರಿಕಕ್ಕೆ ಅಮೆರಿಕವೇ ಮನೆಯಲ್ಲಿ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಡೀ ಮಹಡಿಯಲ್ಲಿ ನಾನೊಬ್ಬನೇ ಕೋಟು ಹಾಕಿಕೊಂಡು ಕೂತಿರುತ್ತೇನೆ, ಏಕೆಂದರೆ ಹೀಟರಿಗೂ ಅಂದು ರಜೆ. ಆಗುವುದಿಲ್ಲ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗ್ರೀನ್ ಕಾರ್ಡಿನ ಅರ್ಜಿ ಅರ್ಧ ದಾರಿಯಲ್ಲಿರುವವನಿಗೆ ಗಂಟಲು ಇರುವುದಿಲ್ಲ.

ಹೀಗಾಗಿ ಥೈಲ್ಯಾಂಡಿನ ಪಂಚಾಂಗ ನನಗೆ ಬಾಯಿಪಾಠವಾಗಿದೆ. ಹೆಸರುಗಳನ್ನು ಕೇಳಿದರೆ ಕಳೆದುಹೋದ ನೆಂಟರು ಸಿಕ್ಕಂತಾಗುತ್ತದೆ. ಮಾಖಾ ಬುಚಾ ಎಂದರೆ ನಮ್ಮ ಮಾಘ ಪೂಜೆ, ವಿಸಾಖಾ ಬುಚಾ ಎಂದರೆ ವೈಶಾಖದ ಬುದ್ಧ ಪೂರ್ಣಿಮೆ, ಆಸಾಲ್ಹಾ ಬುಚಾ ಆಷಾಢದ ಹುಣ್ಣಿಮೆ. ಏಪ್ರಿಲ್ ನಡುವಿನ ಸೊಂಗ್‌ಕ್ರಾನ್ ಅವರ ಹೊಸವರ್ಷ. ಸಂಕ್ರಾಂತಿ ಎಂಬ ನಮ್ಮ ಮಾತೇ ಅಲ್ಲಿಗೆ ಹೋಗಿ ಹಾಗಾಗಿದೆ. ಆಗಸ್ಟಿನಲ್ಲಿ ರಾಣಿಯವರ ಹುಟ್ಟುಹಬ್ಬ, ಅಂದೇ ಅವರಿಗೆ ತಾಯಂದಿರ ದಿನ. ಡಿಸೆಂಬರಿನಲ್ಲಿ ರಾಜರದು, ಅಂದು ತಂದೆಯರ ದಿನ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಲೊಯ್ ಕ್ರಥೊಂಗ್. ನಮ್ಮ ಕಾರ್ತಿಕದ ಹೊತ್ತಿಗೆ ಬಾಳೆದಿಂಡಿನ ಮೇಲೆ ದೀಪವಿಟ್ಟು ನೀರಿಗೆ ಬಿಡುತ್ತಾರಂತೆ. ಅದೊಂದಕ್ಕೆ ಮಾತ್ರ ಅವರ ಸರ್ಕಾರ ರಜೆ ಕೊಟ್ಟಿಲ್ಲ. ನನಗೆ ಹಿಡಿಸುತ್ತದೆಂದು ಮೊದಲೇ ಗೊತ್ತಿತ್ತೋ ಏನೋ.

ಈ ಹಬ್ಬಗಳನ್ನು ನಮ್ಮ ಮನೆಯಲ್ಲಿ ಆಚರಿಸುವ ಕ್ರಮವೇ ಬೇರೆ. ಹೆಂಡತಿ ಸುನಂದಾ ವುಡ್‌ಬ್ರಿಡ್ಜಿನ ಬ್ಯಾಂಕೊಂದಕ್ಕೆ ಹೋಗುತ್ತಾಳೆ, ಮಗಳು ಅನಘಾ ಶಾಲೆಗೆ. ಉಳಿಯುವವನು ನಾನು, ನನ್ನ ಜೊತೆ ಒಗೆಯುವ ಬಟ್ಟೆಯ ಬುಟ್ಟಿ. ಮಾಘ ಹುಣ್ಣಿಮೆಗೆ ಬಟ್ಟೆ, ವೈಶಾಖಕ್ಕೆ ಕಾರಿನ ಆಯಿಲ್, ಆಷಾಢಕ್ಕೆ ಫ್ರಿಜ್ಜು. ಸೊಂಗ್‌ಕ್ರಾನಿನ ದಿನ ಬ್ಯಾಂಕಾಕಿನ ಬೀದಿಗಳಲ್ಲಿ ಒಬ್ಬರ ಮೇಲೊಬ್ಬರು ನೀರೆರಚಿ ಕುಣಿಯುವಾಗ ನಾನು ಬಾತ್‌ಟಬ್ ಉಜ್ಜುತ್ತಿರುತ್ತೇನೆ. ಶಾಲೆಯಿಂದ ಬಂದ ಅನಘಾ ಒಗೆದ ಬಟ್ಟೆ ಮಡಚಲು ಕೈಜೋಡಿಸುತ್ತಾಳೆ. ತಂದೆಯರ ದಿನ ಮಾತ್ರ ಅವಳು ಗೆಳತಿಯ ಮನೆಗೆ ಆಡಲು ಹೋಗಿದ್ದಳು.

ನನಗೆ ಹೊಟ್ಟೆಯುರಿ ತರುವ ಸಂಗತಿ ಇನ್ನೊಂದಿದೆ. ಥಾಯ್ ಜನರ ಹಬ್ಬ ಶನಿವಾರ ಬಿದ್ದರೆ ಸೋಮವಾರ ಬದಲಿ ರಜೆ ಕೊಡುತ್ತಾರೆ. ನಮ್ಮ ಹಬ್ಬ ಸೋಮವಾರ ಬಿದ್ದರೆ ನ್ಯೂಜೆರ್ಸಿಯ ಕನ್ನಡಿಗರು ಅದನ್ನೇ ಶನಿವಾರಕ್ಕೆ ದೂಡುತ್ತಾರೆ. ಬಾಡಿಗೆಗೆ ಶಾಲೆಯ ಹಾಲ್ ಸಿಗದಿದ್ದರೆ ಯುಗಾದಿ ಮೇ ತಿಂಗಳಿಗೂ ಹೋಗುತ್ತದೆ. ಇದನ್ನು ಒಪ್ಪದೆ ಹಟ ಹಿಡಿದವಳು ಒಬ್ಬಳೇ, ನಮ್ಮ ಸುನಂದಾ. ಅವಳು ಧಾರವಾಡದವಳು. ಗಣಪತಿ ಬರುವುದು ಚೌತಿಯ ದಿನ, ಕಾಸ್ಟ್‌ಕೋ ಅಂಗಡಿಗೆ ಹೋಗಿಬಂದ ಮೇಲೆ ಪುರುಸೊತ್ತಾದಾಗಲ್ಲ ಎಂದು ಜಗಳವಾಡುತ್ತಿದ್ದಳು. ಹಾಗಾಗಿ ಪ್ರತಿವರ್ಷ ಚೌತಿಯಂದೇ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಿಂದ ತಂದ ಗಣಪ ನಮ್ಮ ಮನೆಯಲ್ಲಿ ಕೂರುತ್ತಿದ್ದ. ನಾನು ಮಾತ್ರ ಆಫೀಸಿನಲ್ಲಿ ಕೂತಿರುತ್ತಿದ್ದೆ. ಪೂಜೆ ಮಾಡಿಸುತ್ತಿದ್ದದ್ದು ಒಂದು ಕ್ಯಾಸೆಟ್ಟು. ಅದರೊಳಗಿನ ಪುರೋಹಿತರನ್ನು ಅನಘಾ ಕ್ಯಾಸೆಟ್ ಅಂಕಲ್ ಎನ್ನುತ್ತಿದ್ದಳು. ನಮ್ಮ ಮನೆಯ ಚೌತಿಯಲ್ಲಿ ಅವಳಿಗೆ ಪರಿಚಯವಿದ್ದ ಗಂಡಸಿನ ದನಿ ಅದೊಂದೇ. ಇದು ನಗುವ ಮಾತಾದರೂ ನನಗೆ ನಗು ಬರಲಿಲ್ಲ.

ಈ ಸಲ ಏನಾದರಾಗಲಿ, ಚೌತಿಗೆ ಮನೆಯಲ್ಲಿರಬೇಕೆಂದು ತೀರ್ಮಾನಿಸಿದೆ. ಮ್ಯಾನೇಜರ್ ಗ್ಯಾರಿಯನ್ನು ಕೇಳಿದೆ. ಆತ ಬಹಳ ಸಭ್ಯ. ಗೋಡೆಯ ಕ್ಯಾಲೆಂಡರ್ ತೋರಿಸಿ, ಈ ಕಟ್ಟಡದಲ್ಲಿ ನಿನ್ನಷ್ಟು ರಜೆ ಯಾರಿಗೂ ಇಲ್ಲವಲ್ಲ ಎಂದು ನಕ್ಕ. ಕೊನೆಗೆ ಬ್ಯಾಂಕಾಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ನೊಕ್ ಎಂಬಾಕೆಗೆ ಫೋನಿನಲ್ಲಿ ಕಷ್ಟ ಹೇಳಿಕೊಂಡೆ. ಗಣೇಶನ ಹಬ್ಬವೇ, ನಮ್ಮ ಕಚೇರಿಯ ಬಾಗಿಲಲ್ಲೂ ಅವನಿದ್ದಾನೆ, ದಿನಾ ಕೈಮುಗಿದೇ ಒಳಗೆ ಬರುವುದು ಎಂದಳು. ಚೌತಿ ಬಿದ್ದಿದ್ದ ಬುಧವಾರ ನನ್ನ ಪಾಳಿಯ ಕೆಲಸವನ್ನೂ ತಾನೇ ನಿದ್ದೆಗೆಟ್ಟು ಮಾಡುವುದಾಗಿ ಒಪ್ಪಿಕೊಂಡಳು. ಪ್ರತಿಯಾಗಿ ಶನಿವಾರ ಹಗಲೆಲ್ಲ ಆಫೀಸಿನಲ್ಲಿ ಕೂತು ಅವಳ ಕೆಲಸ ಮುಗಿಸುವುದು ನನ್ನ ಪಾಲಿಗೆ. ಅವಳು ಅಮ್ಮನನ್ನು ನೋಡಲು ಊರಿಗೆ ಹೋಗುವವಳಿದ್ದಳು. ಗ್ಯಾರಿಯೂ ತಲೆಯಾಡಿಸಿದ. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಚೌತಿಯ ಬೆಳಿಗ್ಗೆ ಮಡಿಯುಟ್ಟು ಬಂದು ಕ್ಯಾಸೆಟ್ ಅಂಕಲ್ಲನ್ನು ನಿವೃತ್ತಿಗೊಳಿಸಿ ಇಬ್ಬರನ್ನೂ ಬೆರಗುಗೊಳಿಸಬೇಕೆಂಬ ಆಸೆ.

ಮಂಗಳವಾರ ರಾತ್ರಿ ಅನಘಾ ಮಲಗಿದ ಮೇಲೆ ನಾವಿಬ್ಬರು ಊಟಕ್ಕೆ ಕೂತಿದ್ದೆವು. ಮನೆಯಲ್ಲಿ ಕಡುಬಿನ ಸಿದ್ಧತೆಯ ಸುಳಿವೇ ಇರಲಿಲ್ಲ. ಸುನಂದಾ ಸಾರು ಬಡಿಸುತ್ತ ನಿಧಾನವಾಗಿ ಹೇಳಿದಳು.

“ಈ ಸರತಿ ಗಣಪ್ಪನ್ನ ಶನಿವಾರ ಕೂಡಸೂಣು ಅಂತ ಮಾಡೀನ್ರಿ. ತಿಥಿ ನೋಡಕೋತ ಕುಂತ್ರ ನೀವು ಸಿಗೂದಿಲ್ಲ. ಗಣಪ್ಪ ಮೂರು ದಿನ ಕಾಯ್ತಾನ, ಕೂಸು ಇನ್ನೆಷ್ಟ ವರ್ಷ ಕಾಯಬೇಕು?”

ಶನಿವಾರಕ್ಕೆ ನಾಲ್ಕು ಮನೆಯವರನ್ನು ಊಟಕ್ಕೂ ಕರೆದಾಗಿತ್ತು. ಇಷ್ಟು ವರ್ಷ ಯಾರು ಹೇಳಿದರೂ ಬಗ್ಗದವಳು ನನಗಾಗಿ ತಿಥಿಯನ್ನೇ ಬಿಟ್ಟುಕೊಟ್ಟಿದ್ದಳು, ಅದೂ ನಾನು ತಿಥಿಯನ್ನು ಗಿಟ್ಟಿಸಿಕೊಂಡ ವರ್ಷವೇ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಬ್ಯಾಂಕಾಕಿನಲ್ಲಿ ಆಗಲೇ ಬುಧವಾರ ಬೆಳಗಾಗಿತ್ತು, ನೊಕ್ ಊರಿನ ಬಸ್ಸಿಗೆ ಟಿಕೆಟ್ಟೂ ತೆಗೆದಿದ್ದಳು. ಒಪ್ಪಿಕೊಂಡ ಮಾತನ್ನು ಯಾವ ಮುಖದಿಂದ ಹಿಂದಕ್ಕೆ ಪಡೆಯುವುದು?

ಸುನಂದಾ ಈ ಸಲ ಬ್ಯಾಂಕಿಗೆ ರಜೆ ಹಾಕಿರಲಿಲ್ಲ, ಚೌತಿಯ ದಿನ ಇಬ್ಬರೂ ಎಂದಿನಂತೆ ಹೊರಟುಹೋದರು. ನಾನು ಸ್ನಾನ ಮಾಡಿ, ಪಂಚೆಯುಟ್ಟು, ಬರಿಯ ಮಣೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ಗಣಪ ಇನ್ನೂ ಓಕ್ ಟ್ರೀ ರೋಡಿನ ಅಂಗಡಿಯಲ್ಲೇ ಇದ್ದ. ಕಂಪ್ಯೂಟರ್ ತೆರೆದರೆ ನೊಕ್ ಒಂದು ಫೋಟೋ ಕಳಿಸಿದ್ದಳು. ಕಚೇರಿಯ ಬಾಗಿಲಿನ ಗಣಪತಿಗೆ ಚೆಂಡುಹೂವಿನ ಹಾರ, ಮುಂದೆ ಬಾಳೆಹಣ್ಣು, ಊದಿನಕಡ್ಡಿ. ನಿನ್ನ ಮನೆಯವರ ಹೆಸರು ಹೇಳಿ ಬೇಡಿಕೊಂಡೆ, ಮಗಳ ಜೊತೆ ಹಬ್ಬ ಚೆನ್ನಾಗಿ ಮಾಡು ಎಂದು ಬರೆದಿದ್ದಳು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಎದ್ದುಹೋಗಿ ಬಟ್ಟೆ ಒಗೆಯಲು ಹಾಕಿದೆ.

ಮಧ್ಯಾಹ್ನ ಶಾಲೆಯ ಬಸ್ಸಿಳಿದು ಬಂದ ಅನಘಾ ಬಾಗಿಲಲ್ಲಿ ನನ್ನನ್ನು, ನನ್ನ ಪಂಚೆಯನ್ನು ನೋಡಿ ಕೇಳಿದಳು.

“ಡ್ಯಾಡಿ, ಈಸ್ ಇಟ್ ಎ ಥಾಯ್ ಹಾಲಿಡೇ?”

ಹೌದು ಪುಟ್ಟೀ ಎಂದೆ. ಅಂದು ನಮ್ಮ ಹೆಸರಿನಲ್ಲಿ ಚೌತಿ ನಡೆದದ್ದು ಬ್ಯಾಂಕಾಕಿನಲ್ಲೇ ಆದ್ದರಿಂದ ಪೂರ್ತಿ ಸುಳ್ಳೂ ಅಲ್ಲ. ಅವಳು ಬ್ಯಾಗನ್ನು ಸೋಫಾದ ಮೇಲೆಸೆದು, ಒಳಗಿನಿಂದ ಒಣಗಿದ ಬಟ್ಟೆಯ ಬುಟ್ಟಿಯನ್ನು ಎಳೆದು ತಂದು ನನ್ನ ಮುಂದಿಟ್ಟು, ಮಡಚಲು ಕೂತಳು.