ಐದನೆಯ ಸಹಿ

ಸಂಜೆ ಐದರೊಳಗೆ ಐದು ವಿದ್ಯಾರ್ಥಿಗಳು ಸಹಿ ಹಾಕದಿದ್ದರೆ 'ಆರ್ಥಿಕ ಚಿಂತನೆಯ ಚರಿತ್ರೆ' ಎಂಬ ಐಚ್ಛಿಕ ವಿಷಯ ರದ್ದು ಎಂದು ಬೆಳಿಗ್ಗೆ ನೋಟೀಸ್ ಬೋರ್ಡಿನಲ್ಲಿ ಚೀಟಿ ಬಿತ್ತು. ಆ ವಿಷಯವನ್ನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದ ಚರಿತ್ರೆ ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ವಿಷಯ ಹೋದರೆ ಅವರೂ ಪರೀಕ್ಷಾ ವಿಭಾಗಕ್ಕೆ ಹೋಗಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತ ಕೂರಬೇಕು.

ಮೊದಲು ಮೆಟ್ಟಿಲ ಹತ್ತಿರ ಒಬ್ಬ ಹುಡುಗಿ ಸಿಕ್ಕಳು. ವಸ್ತುವಿನ ಬೆಲೆ ಅದಕ್ಕೆ ಸುರಿದ ಬೆವರಿನಲ್ಲಿದೆ ಎಂದು ಒಂದು ಕಾಲದವರು, ಕೊಳ್ಳುವವನ ಆಸೆಯಲ್ಲಿದೆ ಎಂದು ಮುಂದಿನವರು ಹೇಗೆ ವಾದಿಸಿದರೆಂದು ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು. ಕೊನೆಗೆ ಯಾರು ಗೆದ್ದರು ಎಂದು ಅವಳು ಕೇಳಿದಳು. ಇನ್ನೂ ತೀರ್ಮಾನವಾಗಿಲ್ಲ ಎಂದರು. ತೀರ್ಮಾನವಾದ ಮೇಲೆ ಬರುತ್ತೇನೆಂದು ಅವಳು ಹೊರಟಳು.

ಅಂಕಿಸಂಖ್ಯೆ ಕಲಿಸುವ ಕಿರಿಯ ಮೇಷ್ಟ್ರು ಗಂಟೆಗೊಮ್ಮೆ ಬಂದು ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ಆಸ್ಪತ್ರೆಯಲ್ಲಿ ನಾಡಿ ನೋಡುವವರ ಹಾಗೆ.

ಲೈಬ್ರರಿಯಮ್ಮನಿಗೆ ಕನಿಕರ ಬಂತು. ಈ ವಿಷಯದಲ್ಲಿ ಈಚೆಗೆ ಒಬ್ಬರೂ ಫೇಲಾಗಿಲ್ಲ ಎಂದು ಓದುವ ಕೋಣೆಯಲ್ಲೆಲ್ಲ ಹಬ್ಬಿಸಿದರು. ಈಚೆಗೆ ಯಾರೂ ತೆಗೆದುಕೊಂಡೇ ಇಲ್ಲ ಎಂಬುದನ್ನು ಹೇಳಲಿಲ್ಲ. ಮೂರು ಗಂಟೆಗೆ ನಾಲ್ಕು ಸಹಿ ಬಿದ್ದವು. ಸಹಿ ಹಾಕಿದವರಲ್ಲಿ ಒಬ್ಬ ಪ್ರವಾಸದ ಪಟ್ಟಿ ಅಂದುಕೊಂಡಿದ್ದ.

ಐದನೆಯದಕ್ಕೆ ಮೇಷ್ಟ್ರು ತಮ್ಮ ಹೆಂಡತಿಯ ತಂಗಿಯ ಮಗಳನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಹೋದರು. ಅವಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಸಹಿ ಬೇಕಾದರೆ ವರ್ಷ ಮುಗಿಯುವವರೆಗೆ ಅವರ ಸ್ಕೂಟರ್ ತನಗೆ ಕೊಡಬೇಕೆಂದಳು.

"ಇಷ್ಟು ಸಣ್ಣದಕ್ಕೆ ಸ್ಕೂಟರ್ರೇನಮ್ಮಾ?"

"ಬೇಕಾಗಿರೋದು ನಿಮಗೆ ದೊಡ್ಡಪ್ಪ. ನನಗಲ್ಲ."

ಮೇಷ್ಟ್ರು ಸಹಿ ಹಾಕಿಸಿಕೊಂಡು ಬೀಗದ ಕೈ ಕೊಟ್ಟರು.

ಐದಕ್ಕೆ ಹತ್ತು ನಿಮಿಷವಿರುವಾಗ ಏದುಸಿರು ಬಿಡುತ್ತ ವಿಭಾಗದ ಮುಖ್ಯಸ್ಥೆಯ ಕೋಣೆಗೆ ನುಗ್ಗಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಅಂಕಿ ಮೇಷ್ಟ್ರು ಅಲ್ಲೇ ಕುಳಿತು ಗಡಿಯಾರ ನೋಡಿ ಏನೋ ಗುರುತು ಹಾಕಿಕೊಂಡರು.

ಮುಖ್ಯಸ್ಥೆ ತಲೆ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ವಿಷಯ ಹೋದ ತಿಂಗಳೇ ರದ್ದಾಗಿದೆ. ಆ ಚೀಟಿ ಇವರ ಸಂಶೋಧನೆಗೆ ಹಾಕಿದ್ದು."

ಕೈಬಿಟ್ಟು ಹೋಗುವುದನ್ನು ಉಳಿಸಿಕೊಳ್ಳಲು ಮನುಷ್ಯ ಎಷ್ಟು ದೂರ ಹೋಗುತ್ತಾನೆ ಎಂಬುದು ಸಂಶೋಧನೆಯಂತೆ. ಮೊದಲೇ ಹೇಳಿದ್ದರೆ ಫಲಿತಾಂಶ ಕೆಡುತ್ತಿತ್ತಂತೆ. ಚರಿತ್ರೆ ಮೇಷ್ಟ್ರ ಬಾಯಿಂದ ಸ್ಕೂಟರಿನ ಸುದ್ದಿ ಕೇಳಿ ಅಂಕಿ ಮೇಷ್ಟ್ರಿಗೆ ತುಂಬಾ ಸಂತೋಷವಾಯಿತು.

ಚರಿತ್ರೆ ಮೇಷ್ಟ್ರು ಕುರ್ಚಿ ಹಿಡಿದು ನಿಂತರು.

"ಇನ್ನೊಂದು ಸಣ್ಣ ಉಪಕಾರ ಸಾರ್," ಎಂದರು ಅಂಕಿ ಮೇಷ್ಟ್ರು. "ಈ ವಿಚಾರ ಮೊದಲು ಯಾರಿಗೆ ಹೊಳೀತು, ಹೇಗೆ ಬೆಳೀತು ಅಂತ ಸಂಶೋಧನಾ ಲೇಖನದ ಶುರುವಿನಲ್ಲಿ ಎರಡು ಪುಟ ಬೇಕಂತೆ. ನಿಮ್ಮನ್ನ ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿಲ್ಲ."

ಚರಿತ್ರೆ ಮೇಷ್ಟ್ರು ನಡೆದೇ ಮನೆಗೆ ಹೋದರು. ಮರುದಿನ ಪರೀಕ್ಷಾ ವಿಭಾಗದ ಮೂಲೆಯಲ್ಲಿ, ಕಟ್ಟುಗಳ ಮಧ್ಯೆ ಕುಳಿತು ಹದಿನಾಲ್ಕು ಪುಟ ಬರೆದರು. ಅಷ್ಟು ಚೆನ್ನಾಗಿ ಅವರು ಎಂದೂ ಬರೆದಿರಲಿಲ್ಲ.

ಅಂಕಿ ಮೇಷ್ಟ್ರು ಕೈಮುಗಿದು ತೆಗೆದುಕೊಂಡು ಹೋಗಿ, ಅದನ್ನು ಒಂದೂವರೆ ಸಾಲಿನ ಅಡಿಟಿಪ್ಪಣಿ ಮಾಡಿದರು.