ಪೊಲೀಸು ಕೆಲಸಕ್ಕೆ ಅಳತೆ ಕೊಟ್ಟವರು

ಪೊಲೀಸಿಗೆ ಆಳು ಆರಿಸುವ ದಿನ ನಗುವಂಥದ್ದು ಒಂದಾದರೂ ನಡೆಯದೆ ಸಂಜೆಯಾದದ್ದನ್ನು ನಾನು ನೋಡಿಲ್ಲ. ನಾನೂ ಪೊಲೀಸಿನವನೇ, ನನ್ನ ಅಕ್ಷರ ದುಂಡಗಿತ್ತು. ಅದೊಂದೇ ಕಾರಣಕ್ಕೆ ಸಾಹೇಬರು ಎಲ್ಲಿ ಆಳು ಆರಿಸಲು ಹೋದರೂ ಪುಸ್ತಕ ಹಿಡಿದು ಬರೆಯುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಪುಸ್ತಕದಲ್ಲಿ ಬರೆದದ್ದು ಹೆಸರು, ಎತ್ತರ, ಎದೆಯ ಸುತ್ತಳತೆ ಮಾತ್ರ. ಬರೆಯದೆ ಉಳಿದದ್ದು ಇದು.

೧. ಅರ್ಧ ಅಂಗುಲ

ಜಗಳೂರಿನಲ್ಲಿ ಒಬ್ಬ ಅರ್ಧ ಅಂಗುಲ ಕಮ್ಮಿ ಬಿದ್ದ. ಅವನ ಜೊತೆ ಸೋದರಮಾವನೂ ಬಂದಿದ್ದ. ಕೆಲಸ ಸಿಕ್ಕರೆ ಮಗಳನ್ನು ಕೊಡುವುದು, ಇಲ್ಲದಿದ್ದರೆ ಇಲ್ಲ ಎಂದು ಮಾತಾಗಿತ್ತಂತೆ. ಸಾಹೇಬರು "ನಡಿ" ಅಂದದ್ದೇ ತಡ, ಅಳಿಯನಾಗಬೇಕಾದವನು ಕಣ್ಣಲ್ಲಿ ನೀರು ತುಂಬಿಕೊಂಡ. ಮಾವ ಮುಂದೆ ಬಂದ.

"ಸ್ವಾಮೇರೆ, ಮನೇಲಿ ಗ್ವಾಡೆಗೆ ನಿಲ್ಲಿಸಿ ಅಳೆದಾಗ ಸರಿಯಾಗಿದ್ದ್ರೀ. ಹದಿನಾರು ಮೈಲಿ ನಡ್ಕಂಡು ಬಂದಾನೆ, ತಲೆ ಮ್ಯಾಲೆ ಗಂಟು ಬೇರೆ. ಒಂಚೂರು ಕುಗ್ಗಿರ್ಬೇಕು."

ಎಲ್ಲರೂ ನಕ್ಕೆವು. ಮೈ ಪರೀಕ್ಷೆಗೆ ಬಂದಿದ್ದ ಡಾಕ್ಟರು ಮಾತ್ರ ನಗಲಿಲ್ಲ. "ಹೇಳಿದ್ದು ಪೂರಾ ಸುಳ್ಳಲ್ಲ ಸಾಹೇಬರೆ. ಭಾರ ಹೊತ್ತು ನಡೆದರೆ ಬೆನ್ನುಮೂಳೆ ಸ್ವಲ್ಪ ಕುಗ್ಗುತ್ತೆ. ಮಲಗಿ ಎದ್ದರೆ ಸರಿಹೋಗುತ್ತೆ" ಅಂದರು. ಸಾಹೇಬರಿಗೂ ಕುತೂಹಲ ಹುಟ್ಟಿತು. ಅವನನ್ನು ಬೇವಿನ ಮರದ ಕೆಳಗೆ ಅಂಗಾತ ಮಲಗಿಸಿದೆವು. ಮಾವ ತಲೆಯ ಹತ್ತಿರ ಕೂತು, "ಕಾಲು ಮಡಚಬ್ಯಾಡ, ನೀಡ್ಕ, ನೀಡ್ಕ" ಅನ್ನುತ್ತಾ ನೊಣ ಹೊಡೆದ. ಎರಡು ತಾಸು ಗೊರಕೆ ಹೊಡೆದವನನ್ನು ಎಬ್ಬಿಸಿ ನಿಲ್ಲಿಸಿದರೆ ಅಳತೆ ಕೂದಲೆಳೆಯಷ್ಟೂ ಕಮ್ಮಿಯಿಲ್ಲ!

ಡಾಕ್ಟರು ಹೇಳಿದರು: "ನಿಮ್ಮ ಇಲಾಖೆ ಸೇರಿದ ಮೇಲೆ ನಿದ್ದೆ ಮಾಡೋರನ್ನ ಬೇಕಾದಷ್ಟು ನೋಡಿದೀನಿ. ನಿದ್ದೆ ಮಾಡಿ ಸೇರಿದೋನನ್ನ ಇವತ್ತೇ ನೋಡಿದ್ದು."

೨. ಉಸಿರು

ಹೊನ್ನಾಳಿಯಲ್ಲಿ ಗೋವಿನಕೋವಿ ಕಡೆಯ ಒಬ್ಬ ಕಟ್ಟುಮಸ್ತಾದ ಆಳು ಬಂದ. ದಫೇದಾರರು ಎದೆಗೆ ಟೇಪು ಸುತ್ತಿ, "ಉಸಿರು ಎಳ್ಕೋ" ಅಂದರು. ಎಳೆದುಕೊಂಡ. ಟೇಪು ಬಿಗಿಯಿತು. ಅಳತೆ ಬರೆದುಕೊಂಡು ನಾನು "ಹೆಸರು?" ಅಂದೆ. ಮಾತಿಲ್ಲ. "ತಂದೆ ಹೆಸರು?" ಅದಕ್ಕೂ ಇಲ್ಲ. ಕಣ್ಣು ಕೆಂಪಗಾಗುತ್ತಿದೆ.

"ಮೂಗನನ್ನ ಯಾರ್ರೀ ಸಾಲಿಗೆ ಬಿಟ್ಟಿದ್ದು?" ಎಂದು ಸಾಹೇಬರು ರೇಗಿದರು.

ಹಿಂದೆ ನಿಂತಿದ್ದ ಅವನ ಊರಿನವನು, "ಮೂಗ ಅಲ್ರೀ. ಉಸಿರು ಬಿಡು ಅಂತ ನೀವು ಇನ್ನೂ ಹೇಳಿಲ್ಲಲ್ರೀ, ಅದಕ್ಕೆ ಹಿಡ್ಕಂಡಾನೆ" ಅಂದ.

"ಬಿಡಯ್ಯಾ!" ಎಂದು ಮೂವರೂ ಒಟ್ಟಿಗೆ ಕೂಗಿದೆವು. ಬಿಟ್ಟ ನೋಡಿ, ಹೆಸರು, ತಂದೆ ಹೆಸರು, ಊರು ಎಲ್ಲಾ ಒಂದೇ ಉಸಿರಿಗೆ ಬಂತು. ಬರೆದುಕೊಳ್ಳೋಣ ಎಂದರೆ ನನ್ನ ಹಾಳೆ ಮೇಜಿನ ಮೇಲೆ ಇರಲಿಲ್ಲ.

೩. ಬೆನ್ನಿನ ಗುರುತು

ನ್ಯಾಮತಿಯಲ್ಲಿ ಓಟದ ಪರೀಕ್ಷೆ. ಠಾಣೆಯಿಂದ ಕೆರೆ ಏರಿ ಮುಟ್ಟಿ ವಾಪಸು ಬರಬೇಕು. ಅಲ್ಲಿನ ದಫೇದಾರರು ಮೈತೂಕದ ಮನುಷ್ಯರು. ತೋಪಿನಲ್ಲಿ ಇಸ್ಪೀಟು ಆಡುವವರನ್ನು ಹಿಡಿಯಲು ಮೂರು ಸಲ ಹೋಗಿದ್ದರು. ಮೂರು ಸಲವೂ ಅದೇ ಒಬ್ಬ ಓಡಿ ತಪ್ಪಿಸಿಕೊಂಡಿದ್ದ.

ಸೀಟಿ ಊದಿದೊಡನೆ ಎಲ್ಲರೂ ಓಡಿದರು. ದಫೇದಾರರು ತಟ್ಟನೆ ನನ್ನ ರಟ್ಟೆ ಹಿಡಿದರು.

"ರೈಟರೇ, ಆ ಮುಂದೆ ಹೋಗ್ತಿರೋ ಬೆನ್ನು ನಾನು ನೋಡಿದೀನ್ರೀ!"

ಆ ಬೆನ್ನಿನವನೇ ಮೊದಲು ವಾಪಸು ಬಂದ. ದಫೇದಾರರು ಮುಖ ನೋಡಿ ಪೆಚ್ಚಾದರು. "ಮುಖ ಗೊತ್ತಿಲ್ಲಲ್ಲ. ತಿರುಗಿ ನಿಲ್ಲೋ." ತಿರುಗಿದ. "ಇವನೇ ಸಾರ್! ಇಸ್ಪೀಟಿನೋನು ಇವನೇ!"

ಸಾಹೇಬರು ಅವನನ್ನು ಕೇಳಿದರು. ಅವನು ಸುಳ್ಳಾಡಲಿಲ್ಲ. ತಲೆ ತಗ್ಗಿಸಿ, "ಹೌದ್ರೀ. ಇನ್ನು ಮುಟ್ಟಲ್ಲ" ಅಂದ. ಸಾಹೇಬರು ದಫೇದಾರರ ಕಡೆ ತಿರುಗಿ, "ಇವನನ್ನ ಹೊರಗೆ ಬಿಟ್ಟರೆ ಮುಂದೆ ಹಿಡೀತೀರೇನ್ರೀ?" ಅಂದರು.

"ಆಗಲ್ಲ ಸಾರ್."

"ಹಾಗಾದರೆ ಒಳಗೇ ಇರಲಿ."

ಪಾಪ, ಹೊಸಬನಿಗೆ ದಫೇದಾರರನ್ನು ಸಮಾಧಾನ ಮಾಡುವ ಆಸೆ. ಹತ್ತಿರ ಬಂದು ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕಬ್ಯಾಡ್ರಿ ದಫೇದಾರ್ರೇ. ನಿಮ್ಮ ಮುಂದೆ ನಾನು ಯಾವತ್ತೂ ಇಷ್ಟು ಜೋರು ಓಡಾಕೆ ಹೋಗಿಲ್ಲ."

೪. ಅಟ್ಟದ ಮೇಲಿನವನು

ಬೇರೆಯವರದೆಲ್ಲ ಹೇಳಿ ನನ್ನದು ಮುಚ್ಚಿಟ್ಟರೆ ನ್ಯಾಯವಲ್ಲ. ಇದು ಇವೆಲ್ಲಕ್ಕಿಂತ ಹಿಂದಿನ ಮಾತು.

ನಮ್ಮದು ತ್ಯಾವಣಿಗೆ. ಅಪ್ಪನಿಗೆ ಪೊಲೀಸರೆಂದರೆ ಆಗದು. ಆದ್ದರಿಂದ ಮನೆಯಲ್ಲಿ ಹೇಳದೆ ಚನ್ನಗಿರಿಗೆ ಹೋಗಿ ಅಳತೆ ಕೊಟ್ಟು, ಓಡಿ, ಬರೆದು, ಎಲ್ಲದರಲ್ಲೂ ಪಾಸಾಗಿ ಬಂದಿದ್ದೆ. ಉಳಿದದ್ದು ನಡತೆ ವಿಚಾರಣೆ. ಹುಡುಗ ಊರಲ್ಲಿ ಹೇಗೆ ಎಂದು ಕೇಳಲು ದಫೇದಾರರೊಬ್ಬರು ಬರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ಏದುಸಿರು ಬಿಡುತ್ತಾ ಬಂದಳು. "ಏನು ಮಾಡ್ಕಂಡ್ಯೋ? ಪೊಲೀಸ್ನೋರು ನಿನ್ನ ಹೆಸರು ಹಿಡಿದು ಕೇಳ್ತಾವ್ರೆ. ಹತ್ತು ಮ್ಯಾಲಕ್ಕೆ!" ನಾನು ಬಾಯಿ ತೆರೆಯುವುದರೊಳಗೆ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದೇಬಿಟ್ಟಳು.

ಅಷ್ಟರಲ್ಲಿ ದಫೇದಾರರು ಅರ್ಧ ಊರು ಸುತ್ತಿದ್ದರು. ಅಂಗಡಿಯವನು, "ಆ ಹೆಸರಿನೋರು ನಮ್ಮೂರಾಗೆ ಯಾರೂ ಇಲ್ಲ" ಅಂದಿದ್ದ. ಪಟೇಲರು, "ಇದ್ದ. ಊರು ಬಿಟ್ಟು ಹೋಗಿ ಬಾಳ ದಿವಸ ಆತು" ಅಂದಿದ್ದರು. ನನ್ನ ಸರ್ಟಿಫಿಕೇಟಿಗೆ ಹಿಂದಿನ ವಾರವಷ್ಟೇ ಸಹಿ ಹಾಕಿದ್ದ ಮೇಷ್ಟ್ರು ಆ ಕಾಗದವನ್ನೇ ನೋಡಿ, "ಸಹಿ ನಂದೇ ಐತೆ. ಹುಡುಗನ್ನ ನೋಡಿದ ನೆನಪಿಲ್ಲ" ಅಂದಿದ್ದರು.

ಕೊನೆಗೆ ನಮ್ಮ ಮನೆ. ದಫೇದಾರರು ಕಾಗದದಲ್ಲಿದ್ದ ನನ್ನ ಹೆಸರು ಓದಿ ಕೇಳಿದರು: "ಇವನು ನಿಮ್ಮ ಮಗನೇನವ್ವಾ?"

"ನನಗೆ ಗಂಡುಮಕ್ಕಳೇ ಇಲ್ರೀ" ಅಂದಳು ಅವ್ವ.

ದಫೇದಾರರು ನಿಟ್ಟುಸಿರು ಬಿಟ್ಟರು. "ಅಯ್ಯೋ, ಒಳ್ಳೇ ಕೆಲಸ ಕೈತಪ್ಪಿತಲ್ಲ. ಇಂಥವನು ಇಲ್ಲ ಅಂತ ಬರೀತೀನಿ."

ಅಟ್ಟದ ಮೇಲೆ ನನಗೆ ಎಲ್ಲಾ ಕೇಳಿಸಿತು. ಸುಮ್ಮನಿದ್ದರೆ ಕೆಲಸ ಹೋಯಿತು, ಮಾತಾಡಿದರೆ ಅವ್ವನ ಮರ್ಯಾದೆ ಹೋಯಿತು. ಅವ್ವ ಹೇಗೂ ಕ್ಷಮಿಸುತ್ತಾಳೆ ಎಂದುಕೊಂಡು ಕೂಗಿದೆ: "ದಫೇದಾರ್ರೇ, ನಾನು ಇಲ್ಲಿದೀನ್ರೀ!"

ಅವ್ವ ಕಣ್ಣು ಕೂಡ ಮಿಟುಕಿಸಲಿಲ್ಲ. "ಬೆಕ್ಕು ಕಣ್ರೀ" ಅಂದಳು.

ಏಣಿ ಇಟ್ಟು ನನ್ನನ್ನು ಇಳಿಸಿದವರು ದಫೇದಾರರೇ. ಮೈತುಂಬಾ ಜೇಡರಬಲೆ ಮೆತ್ತಿಕೊಂಡು ನಿಂತಿದ್ದ ನನ್ನನ್ನು ಕಂಡು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾರನೇ ದಿನ ಚನ್ನಗಿರಿಯಲ್ಲಿ ಸಾಹೇಬರ ಮುಂದೆ ನಿಂತೆ. ದಫೇದಾರರು ನಡೆದದ್ದನ್ನೆಲ್ಲ ಒಂದೂ ಬಿಡದೆ ಓದಿದರು. ಸಾಹೇಬರು ಕನ್ನಡಕ ತೆಗೆದರು.

"ಒಬ್ಬ ಹುಡುಗನಿಗೋಸ್ಕರ ಅಂಗಡಿಯವನು, ಪಟೇಲ, ಮೇಷ್ಟ್ರು, ಹೆತ್ತ ತಾಯಿ, ಇಡೀ ಊರೇ ಪೊಲೀಸರ ಮುಂದೆ ಸುಳ್ಳು ಹೇಳಿದೆ. ಇವನ ನಡತೆ ಒಳ್ಳೇದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನ್ರೀ? ಸೇರಿಸ್ಕೊಳ್ಳಿ."